ದೀಪದ ಕಂಬಕ್ಕೆ ಕೈಟೋಸಾನ್: ಮಾಟುಂಗದ ಒಂದು ಹೋಟೆಲಿನ ಪ್ರಕರಣ

ಮುಂಬೈನ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲ್. ಬಾಗಿಲ ಎರಡೂ ಬದಿಗೆ ಎದೆಯೆತ್ತರದ ಹಿತ್ತಾಳೆ ದೀಪದ ಕಂಬಗಳು, ಗಲ್ಲಾದ ಮೇಲೆ ಒಂದು ತೂಗುದೀಪ, ಹೊರಗೋಡೆಯ ಮೇಲೆ ಹಿತ್ತಾಳೆಯ ಹೆಸರುಫಲಕ. ಯಜಮಾನರನ್ನು ಎಲ್ಲರೂ ಭಟ್ರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅವರ ತೊಂದರೆ ಇದು: ತಿಕ್ಕಿದ ಹಿತ್ತಾಳೆ ಕೆಲವು ದಿನ ಹೊಳೆಯುತ್ತದೆ, ಆಮೇಲೆ ಕಂದಾಗುತ್ತದೆ, ಆಮೇಲೆ ಕಪ್ಪು. ಮಳೆಗಾಲದಲ್ಲಂತೂ ಕೆತ್ತನೆಯ ಸಂದಿಗಳಲ್ಲಿ ಹಸಿರು ಕಿಲುಬು. ನಾನು ಠಾಣೆ–ಬೇಲಾಪುರ ರಸ್ತೆಯ ಕಡೆ ಒಂದು ಲೇಪನಗಳ ಲ್ಯಾಬಿನಲ್ಲಿ ಕೆಲಸ ಮಾಡುವವಳು. "ನೀವು ಪೇಂಟಿನವರಲ್ವಾ, ಇದಕ್ಕೊಂದು ದಾರಿ ಹೇಳಿ ಮಾರಾಯ್ರೆ" ಅಂದರು. ಸಿಗಡಿ ಚಿಪ್ಪಿನಿಂದಲೋ ಶಿಲೀಂಧ್ರದಿಂದಲೋ ತೆಗೆಯುವ ಕೈಟೋಸಾನ್ ಅನ್ನುವ ವಸ್ತುವಿನ ಲೇಪನ ಹಾಕಿ ನೋಡೋಣ ಅಂತ ಶುರುವಾದದ್ದು ಅಲ್ಲಿಂದ. ಏನು ನಡೆಯಿತು, ಎಲ್ಲಿ ಕೆಟ್ಟಿತು, ಕೊನೆಗೆ ಯಾವ ಭಾಗಕ್ಕೆ ಏನು ಹಚ್ಚಿದೆವು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ವಸ್ತುವಿನ ಬಗ್ಗೆ ಓದಲು ಸಿಗುವುದರಲ್ಲಿ ಹೊಗಳಿಕೆಯೇ ಜಾಸ್ತಿ.

ಮೊದಲು ಇಲ್ಲಿನ ಗಾಳಿಯ ವಿಷಯ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು, ಸಾಮಾನ್ಯವಾಗಿ ಶೇಕಡಾ 60ರಿಂದ 70 ತಾಮ್ರ. ಸಮುದ್ರದ ಉಪ್ಪಿನ ಕಣಗಳಲ್ಲಿ ಕ್ಲೋರೈಡ್ ಇರುತ್ತದೆ, ಅದು ಲೋಹದ ಮೇಲಿನ ರಕ್ಷಣೆಯ ಪದರವನ್ನು ಒಡೆಯುತ್ತದೆ. ಮಾಹಿಮ್ ಖಾರಿ ಹತ್ತಿರವೇ ಇದೆ, ಕೊಳಚೆ ನೀರು ಕೊಳೆತು ಗಂಧಕದ ಅನಿಲ ಹೊರಡುತ್ತದೆ, ತಾಮ್ರವನ್ನು ಕಪ್ಪು ಮಾಡುವುದು ಅದೇ. ಅಡುಗೆಮನೆಯ ಹಬೆ, ಒಗ್ಗರಣೆಯ ಎಣ್ಣೆ ಹೊಗೆ, ಬಂದವರೆಲ್ಲ ಮುಟ್ಟಿ ನಮಸ್ಕಾರ ಮಾಡುವ ಕೈಗಳ ಬೆವರು ಬೇರೆ. ಇದೆಲ್ಲದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರ್‌ಗೂ ಮೀರಿದ ಮಳೆ. ಇಂಥ ಜಾಗದಲ್ಲಿ ಹಿತ್ತಾಳೆ ಕಪ್ಪಾಗದಿದ್ದರೆ ಆಶ್ಚರ್ಯ.

ಭಟ್ರ ತಾಯಿಯ ಕಾಲದಿಂದ ಹುಣಸೆಹಣ್ಣು ಹಾಕಿ ತಿಕ್ಕುವ ಪದ್ಧತಿ. ಹುಣಸೆಯ ಆಮ್ಲ ಕಿಲುಬನ್ನು ಕರಗಿಸುತ್ತದೆ, ಜೊತೆಗೆ ಹಾಕುವ ತಿಕ್ಕುವ ಪುಡಿ ಉಳಿದದ್ದನ್ನು ಕೆರೆಯುತ್ತದೆ, ಜೊತೆಗೆ ಒಂದಿಷ್ಟು ಲೋಹವೂ ಹೋಗುತ್ತದೆ. ಆ ಕಂಬಗಳ ಮೇಲಿನ ಬಳ್ಳಿಯ ಕೆತ್ತನೆ ಕೈ ತಾಗುವ ಕಡೆ ಸವೆದು ನುಣ್ಣಗಾಗಿದೆ. ನನಗೆ ನಿಜವಾಗಿ ಬೇಜಾರಾಗಿದ್ದು ಅದನ್ನು ನೋಡಿ. ಹೊಳಪು ಮತ್ತೆ ಬರುತ್ತದೆ, ಕೆತ್ತನೆ ಬರುವುದಿಲ್ಲ.

ಹಿಂದೆ ಒಮ್ಮೆ ಲ್ಯಾಕರ್, ಅಂದರೆ ವಾರ್ನಿಶ್‌ನಂಥ ಪಾರದರ್ಶಕ ಪದರ, ಹೊಡೆಸಿದ್ದರು. ಲ್ಯಾಕರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಾಮ್ರ ಮತ್ತು ಕಂಚಿಗೆಂದೇ 1960ರ ದಶಕದಲ್ಲಿ ಇಂಟರ್‌ನ್ಯಾಷನಲ್ ಕಾಪರ್ ರಿಸರ್ಚ್ ಅಸೋಸಿಯೇಷನ್ ರೂಪಿಸಿದ ಇಂಕ್ರಾಲ್ಯಾಕ್ ಇವತ್ತಿಗೂ ಪ್ರತಿಮೆಗಳ ಮೇಲೆ ಬಳಕೆಯಲ್ಲಿದೆ. ಅದರಲ್ಲಿರುವುದು ಅಕ್ರಿಲಿಕ್ ರಾಳ, ತಾಮ್ರವನ್ನು ಕಾಯುವ ಬೆಂಜೋಟ್ರಯಜೋಲ್, ಇವನ್ನು ಕರಗಿಸಲು ಟೊಲುಯೀನ್. ಕಷ್ಟ ಇರುವುದು ಕೊನೆಯದರಲ್ಲಿ. ಲ್ಯಾಕರ್‌ನಲ್ಲಿ ಒಂದು ಗೀರು ಬಿದ್ದರೆ ಅಲ್ಲಿಂದ ತೇವ ಒಳಗೆ ಹೋಗಿ ಪದರದ ಅಡಿಯಲ್ಲೇ ಕಪ್ಪು ಗೆರೆಗಳು ಹರಿಯುತ್ತವೆ. ಆಗ ಪೂರ್ತಿ ಬಿಡಿಸಿ ಮತ್ತೆ ಹೊಡೆಯಬೇಕು. ಬಿಡಿಸುವುದು ಥಿನ್ನರ್‌ನಿಂದ, ಹೋಟೆಲಿನ ಹಿಂದಿನ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ, ಕಲಬುರಗಿ ಕಡೆಯಿಂದ ಬಂದ ವಯಸ್ಸಾದ ಒಬ್ಬರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. "ಥಿನ್ನರ್ ಹಿಡದ್ ದಿನಾ ರಾತ್ರಿ ಊಟ ಸೇರಂಗಿಲ್ರಿ ಅಕ್ಕಾರ, ತಲಿ ಗಿರ್ರ ಅಂತದ" ಅಂದರು. ಇಂಥ ಥಿನ್ನರ್‌ನಲ್ಲಿರುವ ಟೊಲುಯೀನ್ ಆವಿ ಮಾಡುವುದೇ ಅದು, ನೇರವಾಗಿ ನರಮಂಡಲಕ್ಕೆ ತಾಗುತ್ತದೆ. ಲೇಪನ ಎಷ್ಟು ದಿನ ಬಾಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಅದನ್ನು ತೆಗೆಯುವವರು ಯಾರು, ಹೇಗೆ ತೆಗೆಯುತ್ತಾರೆ ಅಂತ ಕೇಳುವವರು ಕಡಿಮೆ. ಈ ಪ್ರಕರಣದಲ್ಲಿ ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಕಾಕಾ ಹೇಳಿದ ಆ ಮಾತೇ.

ಕೈಟೋಸಾನ್ ನೆನಪಾಗಿದ್ದು ಹಾಗೆ. ಅದು ದುರ್ಬಲ ಆಮ್ಲದ ನೀರಿನಲ್ಲಿ ಕರಗುತ್ತದೆ, ಒಣಗಿದರೆ ಪಾರದರ್ಶಕ ಪದರವಾಗುತ್ತದೆ, ಮತ್ತೆ ತೆಗೆಯಬೇಕೆಂದರೆ ವಿನೆಗರ್ ಸಾಕು. ಥಿನ್ನರ್ ಬೇಡ.

ಸಿಗಡಿ, ಏಡಿಗಳ ಚಿಪ್ಪಿನಲ್ಲಿ ಕೈಟಿನ್ ಅನ್ನುವ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು, ಇರುತ್ತದೆ. ಆಸಿಡ್‌ನಲ್ಲಿ ಸುಣ್ಣದ ಅಂಶ, ತೆಳು ಕ್ಷಾರದಲ್ಲಿ ಪ್ರೋಟೀನ್ ತೆಗೆದು, ಆಮೇಲೆ ಶೇಕಡಾ 40–50ರ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿದರೆ ಅಸಿಟೈಲ್ ಗುಂಪುಗಳು ಕಳಚಿಕೊಂಡು ಸಾರಜನಕವಿರುವ ಅಮೈನ್ ಗುಂಪುಗಳು ಉಳಿಯುತ್ತವೆ. ಅದೇ ಕೈಟೋಸಾನ್. ಅದರ ಎಲ್ಲ ಗುಣವೂ ಎಲ್ಲ ಅವಗುಣವೂ ಆ ಅಮೈನ್‌ನಿಂದಲೇ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 6.5ಕ್ಕಿಂತ ಕೆಳಗಿದ್ದರೆ ಅಮೈನ್ ಧನ ಆವೇಶ ಪಡೆಯುತ್ತದೆ, ಸರಪಳಿಗಳು ಒಂದನ್ನೊಂದು ತಳ್ಳಿ ನೀರಿನಲ್ಲಿ ಕರಗುತ್ತವೆ. ಅದಕ್ಕಿಂತ ಮೇಲೆ ಹೋದರೆ ಆವೇಶ ಹೋಗಿ ಗಟ್ಟಿಯಾಗಿ ಕೂರುತ್ತದೆ. ಟೈಟಾನಿಯಂ ಇಂಪ್ಲಾಂಟ್‌ಗಳ ಮೇಲೆ, ರಕ್ತ ನಿಲ್ಲಿಸುವ ಬ್ಯಾಂಡೇಜಿನಲ್ಲಿ, ಹಣ್ಣಿನ ಮೇಲಿನ ಪದರದಲ್ಲಿ, ಜಿಡ್ಡು ಹೀರದ ಕಾಗದದಲ್ಲಿ, ಬೆಂಕಿ ಬೇಗ ಹಿಡಿಯದ ಹತ್ತಿ ಬಟ್ಟೆಯಲ್ಲಿ ಇದನ್ನು ಪ್ರಯತ್ನಿಸುವುದಕ್ಕೂ ಈ ಗುಣವೇ ಕಾರಣ. ಲೋಹದ ತುಕ್ಕು ತಡೆಯುವ ಕೆಲಸದಲ್ಲಿ ಮಾತ್ರ ಇದು ಸ್ವಲ್ಪ ತಂಟೆಯ ವಸ್ತು, ಅದಕ್ಕೆ ಬರುತ್ತೇನೆ.

ಅದಕ್ಕಿಂತ ಮೊದಲು ಭಟ್ರ ಪ್ರಶ್ನೆ. "ಅಲ್ಲ ಮಾರಾಯ್ರೆ, ಸಿಗಡಿ ಚಿಪ್ಪಿನದ್ದನ್ನು ದೀಪಕ್ಕೆ ಹಚ್ಚುವುದಾ?" ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರಿದ್ದಾರೆ, ನಾನು ಹಾಗೆ ಮಾಡುವುದಿಲ್ಲ. ಈರುಳ್ಳಿಯಿಲ್ಲದ ಅಡುಗೆ ಬೇಕೆಂದು ಬರುವ ಗಿರಾಕಿಗಳ ನಂಬಿಕೆಯ ಮೇಲೆ ಆ ಹೋಟೆಲ್ ನಿಂತಿದೆ, ಬಾಗಿಲ ದೀಪಕ್ಕೆ ಏನು ಹಚ್ಚಿದ್ದಾರೆ ಅನ್ನುವುದು ಅವರಿಗೆ ನಿಜವಾದ ವಿಷಯ. ಅದೃಷ್ಟಕ್ಕೆ ಕೈಟಿನ್ ಚಿಪ್ಪಿನಲ್ಲಿ ಮಾತ್ರ ಇರುವುದಲ್ಲ. 1811ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಅದನ್ನು ಮೊದಲು ಗುರುತಿಸಿದ್ದೇ ಅಣಬೆಯಲ್ಲಿ. ಇವತ್ತು ಆಸ್ಪರ್ಜಿಲಸ್ ನೈಜರ್ ಅನ್ನುವ ಶಿಲೀಂಧ್ರದಿಂದ ತೆಗೆದ ಕೈಟೋಸಾನ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಸಿಟ್ರಿಕ್ ಆಸಿಡ್ ತಯಾರಿಸಲು ಬೆಳೆಸುವ ಶಿಲೀಂಧ್ರ ಅದೇ. ಬೆಲೆ ಸಿಗಡಿಯದ್ದಕ್ಕಿಂತ ಜಾಸ್ತಿ, ಆದರೆ ಎರಡು ಕಂಬಕ್ಕೆ ಬೇಕಾಗುವುದು ಕೆಲವೇ ಗ್ರಾಂ. ಶಿಲೀಂಧ್ರದ ಕೈಟೋಸಾನ್‌ನ ಅಣುತೂಕ ಸಾಮಾನ್ಯವಾಗಿ ಕಡಿಮೆ, ದ್ರಾವಣ ತೆಳುವಾಗಿರುತ್ತದೆ. ಕೆತ್ತನೆಯ ಸಂದಿಯಲ್ಲಿ ಗಟ್ಟಿ ಅಂಟಿನಂತೆ ನಿಲ್ಲದೆ ಹರಿಯುವುದರಿಂದ ನಮಗೆ ಅದು ಅನುಕೂಲವೇ ಆಯಿತು.

ಕಂಬಕ್ಕೇ ನೇರವಾಗಿ ಹಚ್ಚುವ ಮಾತೇ ಇರಲಿಲ್ಲ. ಪಾಯಧುನಿ ಕಡೆಯ ಪಾತ್ರೆ ಬಜಾರಿನಿಂದ ಹಿತ್ತಾಳೆ ತಗಡಿನ ಚೂರುಗಳನ್ನು ತಂದು ಅವುಗಳ ಮೇಲೆ ಪರೀಕ್ಷೆ. ಕೆಲವು ಚೂರು ಬರಿಯ ಹಿತ್ತಾಳೆ, ಕೆಲವಕ್ಕೆ ಲ್ಯಾಕರ್, ಉಳಿದವಕ್ಕೆ ಬೇರೆ ಬೇರೆ ಬಗೆಯ ಕೈಟೋಸಾನ್. ಕೆಲವನ್ನು ಲ್ಯಾಬಿನ ಉಪ್ಪುಮಂಜಿನ ಪೆಟ್ಟಿಗೆಯಲ್ಲಿ ಇಟ್ಟೆವು. ಎಎಸ್‌ಟಿಎಂ ಬಿ117 ಅನ್ನುವ ಪ್ರಮಾಣಿತ ಪರೀಕ್ಷಾ ವಿಧಾನದ ಪ್ರಕಾರ ಶೇಕಡಾ 5ರ ಉಪ್ಪುನೀರು, 35 ಡಿಗ್ರಿ ಸೆಲ್ಸಿಯಸ್. ಉಳಿದವನ್ನು ಹೋಟೆಲಿನಲ್ಲೇ ತೂಗುಹಾಕಿದೆವು: ಎಕ್ಸಾಸ್ಟ್ ಫ್ಯಾನಿನ ಪಕ್ಕ, ಬಾಗಿಲ ಹತ್ತಿರ, ಹೊರಗೆ ಫಲಕದ ಕೆಳಗೆ. ನನ್ನ ಅಭಿಪ್ರಾಯ ಕೇಳಿದರೆ ಹೋಟೆಲಿನದೇ ನಿಜವಾದ ಪರೀಕ್ಷೆ. ಉಪ್ಪುಮಂಜು ಒಂದೇ ಶತ್ರುವನ್ನು ತೋರಿಸುತ್ತದೆ, ಹೋಟೆಲಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ.

ಶೇಕಡಾ 1ರ ಅಸಿಟಿಕ್ ಆಸಿಡ್‌ನಲ್ಲಿ (ವಿನೆಗರ್‌ನಲ್ಲಿರುವ ಆಮ್ಲ) ಕೈಟೋಸಾನ್ ಕರಗಿಸಿ ಬ್ರಷ್‌ನಿಂದ ಹಚ್ಚಿ ಒಣಗಿಸಿದ ಚೂರುಗಳು ಮೊದಲು ಚೆನ್ನಾಗಿಯೇ ಕಂಡವು. ಆಮೇಲೆ ಅಂಚುಗಳಲ್ಲಿ ಹಸಿರು ಛಾಯೆ ಬಂತು. ಕಾರಣ ಎರಡು. ಒಂದು, ದ್ರಾವಣದ ಆಸಿಡ್ ಗಾಳಿಯ ಜೊತೆ ಸೇರಿ ಸ್ವಲ್ಪ ತಾಮ್ರವನ್ನು ಕರಗಿಸುತ್ತದೆ. ಎರಡು, ಕೈಟೋಸಾನ್‌ನ ಅಮೈನ್‌ಗಳಿಗೆ ತಾಮ್ರದ ಅಯಾನು (ಆವೇಶವಿರುವ ಕಣ) ಅಂದರೆ ಬಹಳ ಇಷ್ಟ, ಕಂಡಲ್ಲಿ ಹಿಡಿದುಕೊಳ್ಳುತ್ತವೆ. ಕೊಳಚೆ ನೀರಿನಿಂದ ತಾಮ್ರ ತೆಗೆಯಲು ಕೈಟೋಸಾನ್ ಬಳಸುವುದು ಇದೇ ಗುಣಕ್ಕಾಗಿ, ಇಲ್ಲಿ ಅದೇ ನಮಗೆ ತಿರುಗಿಬಿತ್ತು. ತಾಮ್ರ ಹಿಡಿದ ಕೈಟೋಸಾನ್‌ನ ಬಣ್ಣ ಹಸಿರು-ನೀಲಿ.

ಇನ್ನೊಂದು ದೋಷ ಒದ್ದೆ ಬಟ್ಟೆಯಿಂದ ಒರೆಸಿದಾಗ ಕಂಡಿತು: ಪದರ ಜಾರಿ ಎದ್ದುಬಂತು. ಹಾಗೇ ಒಣಗಿಸಿದ ಪದರದಲ್ಲಿ ಅಮೈನ್ ಇನ್ನೂ ಅಸಿಟೇಟ್ ರೂಪದಲ್ಲೇ ಇರುತ್ತದೆ, ಅದು ನೀರಿನಲ್ಲಿ ಕರಗುವ ಉಪ್ಪು. ಗಟ್ಟಿಯಾಗಬೇಕಾದರೆ ಕ್ಷಾರ ತಾಗಿಸಿ ಆವೇಶ ತೆಗೆಯಬೇಕು. ಲ್ಯಾಬಿನಲ್ಲಿ ಒಬ್ಬ ಹುಡುಗ ಅಮೋನಿಯಾ ಆವಿಯಲ್ಲಿ ಇಡೋಣ ಅಂದ. ಗಾಜಿನ ಮೇಲೋ ಪ್ಲಾಸ್ಟಿಕ್ ಮೇಲೋ ಆದರೆ ಒಳ್ಳೆಯ ಉಪಾಯ. ಹಿತ್ತಾಳೆಯ ಮೇಲೆ ಮಾತ್ರ ಯಾವತ್ತೂ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು, ತೆಗೆದು ನೋಡಿದರೆ ಬಿರುಕು. ಯಾಕೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ವಿವರಿಸಿದರು: ಕುದುರೆ ಮೂತ್ರದಿಂದ ಬಂದ ಅಮೋನಿಯಾ, ಜೊತೆಗೆ ಲೋಹವನ್ನು ಎಳೆದು ರೂಪಿಸಿದಾಗ ಒಳಗೇ ಉಳಿದ ಒತ್ತಡ. ಎರಡೂ ಸೇರಿದರೆ ಹಿತ್ತಾಳೆ ತಾನಾಗಿ ಸೀಳುತ್ತದೆ. ಕಂಬಗಳು ಎರಕದವು, ಅಪಾಯ ಕಡಿಮೆ ಇರಬಹುದು, ಆದರೆ ತೂಗುದೀಪದ ತಟ್ಟೆ ತಗಡನ್ನು ಒತ್ತಿ ಮಾಡಿದ್ದು. ಬೇರೆಯವರ ಮನೆಯ ಹಳೆಯ ದೀಪ ಇಟ್ಟುಕೊಂಡು ಅಂಥ ಪಂಥ ಕಟ್ಟುವುದು ಸರಿಯಲ್ಲ. ನಾವು ಬಹಳ ತೆಳುವಾದ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ ತಕ್ಷಣ ತೊಳೆದೆವು. ಪದರ ನಿಂತಿತು. ಹಸಿರು ಅಂಚು ಮಾತ್ರ ಹಾಗೇ ಉಳಿಯಿತು.

ಹಸಿರಿನ ಕಾಟ ಹೋಗಿದ್ದು ವಿದ್ಯುತ್ತಿನಿಂದ. ಇದು ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈಟೋಸಾನ್ ದ್ರಾವಣದಲ್ಲಿ ಹಿತ್ತಾಳೆಯ ತುಂಡನ್ನು ಋಣ ಧ್ರುವವಾಗಿ ಮುಳುಗಿಸಿ, ಎದುರಿಗೆ ಗ್ರಾಫೈಟ್ ಪಟ್ಟಿ ಇಟ್ಟು, 10ರಿಂದ 20 ವೋಲ್ಟ್ ಕೊಟ್ಟರೆ ಧನ ಆವೇಶದ ಕೈಟೋಸಾನ್ ಹಿತ್ತಾಳೆಯ ಕಡೆ ಓಡುತ್ತದೆ. ಅಲ್ಲಿ, ಲೋಹಕ್ಕೆ ತಾಗಿದ ಜಾಗದಲ್ಲಿ, ನೀರು ಒಡೆದು ಜಲಜನಕ ಹೊರಟು ಹೈಡ್ರಾಕ್ಸೈಡ್ ಉಳಿಯುತ್ತದೆ. ಅಂದರೆ ಪೂರ್ತಿ ಪಾತ್ರೆ ಆಮ್ಲವಾಗಿದ್ದರೂ ಲೋಹದ ಮೈಗೆ ಅಂಟಿದ ತೆಳು ಪದರ ಮಾತ್ರ ಕ್ಷಾರ. ಕೈಟೋಸಾನ್ ಅಲ್ಲಿಗೆ ಬಂದು ಆವೇಶ ಕಳೆದುಕೊಂಡು ಅಲ್ಲೇ ಕೂರುತ್ತದೆ. ಬೇರೆ ಕ್ಷಾರದ ಸ್ನಾನ ಬೇಡ, ಕರಗದ ರೂಪದಲ್ಲೇ ಬರುತ್ತದೆ. ಇನ್ನೂ ದೊಡ್ಡ ಲಾಭ ಏನೆಂದರೆ ಋಣ ಧ್ರುವವಾಗಿರುವಷ್ಟು ಹೊತ್ತು ತಾಮ್ರ ಕರಗುವುದಿಲ್ಲ. ತಾಮ್ರ ಕರಗದಿದ್ದರೆ ಹಸಿರು ಎಲ್ಲಿಂದ ಬರಬೇಕು? ಒಂದೇ ಎಚ್ಚರ, ಕರೆಂಟ್ ಹಾಕಿಯೇ ತುಂಡನ್ನು ಮುಳುಗಿಸಬೇಕು, ಕರೆಂಟ್ ಇರುವಾಗಲೇ ಮೇಲೆತ್ತಬೇಕು. ಸುಮ್ನೆ ಆಸಿಡ್‌ನಲ್ಲಿ ನಿಲ್ಲಿಸಬಾರದು.

ಜಲಜನಕದ ಗುಳ್ಳೆಗಳು ಪದರದಲ್ಲಿ ಸಣ್ಣ ತೂತು ಮಾಡುತ್ತವೆ. ಅದಕ್ಕೆ ನೀರಿನ ಜೊತೆ ಎಥನಾಲ್ ಬೆರೆಸಿದೆವು, ಗುಳ್ಳೆ ಬಹಳ ಕಡಿಮೆಯಾಯಿತು. ಕೈಟೋಸಾನ್ ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಸಾಕು, ಕೆಲವು ನಿಮಿಷಗಳ ಕೆಲಸ. ಎಥನಾಲ್, ಜಲಜನಕ, ವಿದ್ಯುತ್ ಮೂರೂ ಒಂದೇ ಜಾಗದಲ್ಲಿರುವುದರಿಂದ ಇದನ್ನು ಆವಿಯನ್ನು ಹೊರಗೆಳೆಯುವ ಲ್ಯಾಬಿನ ಫ್ಯೂಮ್ ಹುಡ್ ಅಡಿಯಲ್ಲಿ ಬಿಟ್ಟು ಬೇರೆಲ್ಲೂ ಮಾಡಬೇಡಿ, ಮನೆಯಲ್ಲಂತೂ ಬೇಡವೇ ಬೇಡ. ಎದೆಯೆತ್ತರದ ಕಂಬವನ್ನು ಯಾವ ಪಾತ್ರೆಯಲ್ಲಿ ಮುಳುಗಿಸುವುದು ಅಂತ ಭಟ್ರು ಕೇಳಿದರು. ಉತ್ತರ ಕಂಬದಲ್ಲೇ ಇತ್ತು: ನಮ್ಮ ಕಡೆಯ ದೀಪದ ಕಂಬಗಳು ತಿರುಪಿನಿಂದ ಬಿಚ್ಚಿಕೊಳ್ಳುತ್ತವೆ. ಪಾದ, ಗಂಟುಗಳು, ನಡುವಿನ ಕಾಂಡ ಎಲ್ಲ ಬೇರೆ ಬೇರೆ. ಕಾಕಾ ಅವನ್ನು ಬಿಚ್ಚಿ, ತೊಳೆದು, ಜಿಡ್ಡಿಲ್ಲದಂತೆ ಮಾಡಿ ಬಟ್ಟೆಯಲ್ಲಿ ಸುತ್ತಿಕೊಟ್ಟರು. ಜಿಡ್ಡು ತೆಗೆಯುವ ಆ ಕೆಲಸ ಕೆಟ್ಟರೆ ಮೇಲಿನ ವಿಜ್ಞಾನವೆಲ್ಲ ವ್ಯರ್ಥ. ಕಾಕಾ ಅದನ್ನು ಎಷ್ಟು ಶುದ್ಧವಾಗಿ ಮಾಡಿದ್ದರೆಂದರೆ ನೀರು ಸುರಿದರೆ ಎಲ್ಲೂ ಹನಿಯಾಗಿ ಒಡೆಯದೆ ಒಂದೇ ಹಾಳೆಯಾಗಿ ಇಳಿಯುತ್ತಿತ್ತು.

ಉಳಿದದ್ದು ತೇವ. ಕೈಟೋಸಾನ್ ಒಣಗಿದ್ದಾಗ ಆಮ್ಲಜನಕವನ್ನು ಬಹಳ ಚೆನ್ನಾಗಿ ತಡೆಯುತ್ತದೆ, ಎಣ್ಣೆ ಜಿಡ್ಡನ್ನೂ ಒಳಗೆ ಬಿಡುವುದಿಲ್ಲ. ಗಾಳಿಯಲ್ಲಿ ತೇವ ಏರಿದರೆ ನೆನೆಸಿದ ಅವಲಕ್ಕಿಯಂತೆ ನೀರು ಹೀರಿ ಉಬ್ಬುತ್ತದೆ, ಆಗ ಆಮ್ಲಜನಕವೂ ಉಪ್ಪೂ ದಾಟುತ್ತವೆ. ಮುಂಬೈಯ ಜುಲೈಯಲ್ಲಿ ಬರೀ ಕೈಟೋಸಾನ್ ಪದರ ನಂಬಿಕೊಂಡರೆ ಆಗದು. ಬಾಗಿಲ ಹತ್ತಿರ ತೂಗುಹಾಕಿದ ಚೂರುಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು: ಬರೀ ಹಿತ್ತಾಳೆಗಿಂತ ಎಷ್ಟೋ ಮೇಲು, ಲ್ಯಾಕರ್‌ಗಿಂತ ಕೆಳಗೆ.

ಸರಪಳಿಗಳನ್ನು ಒಂದಕ್ಕೊಂದು ಕಟ್ಟಿದರೆ ಉಬ್ಬುವುದು ಕಡಿಮೆಯಾಗುತ್ತದೆ. ಗ್ಲುಟರಾಲ್ಡಿಹೈಡ್ ಚೆನ್ನಾಗಿ ಕಟ್ಟುತ್ತದೆ, ಆದರೆ ಪದರ ಹಳದಿಯಾಗುತ್ತದೆ, ವಿಷದ ವಸ್ತು, ಮೇಲಾಗಿ ಹಾಗೆ ಕಟ್ಟಿದ್ದು ಮತ್ತೆ ವಿನೆಗರ್‌ಗೆ ಕರಗುವುದಿಲ್ಲ. ಮೂರನೆಯ ಕಾರಣ ಒಂದೇ ಸಾಕಿತ್ತು ಅದನ್ನು ಬಿಡಲು. ಜೆನಿಪಿನ್ ಅನ್ನುವ ಸಸ್ಯಮೂಲದ ವಸ್ತು ಇದೆ, ಅದು ಕೈಟೋಸಾನ್‌ನ್ನು ಕಡು ನೀಲಿ ಮಾಡುತ್ತದೆ. ನಾವು ಆರಿಸಿದ್ದು ಸೋಡಿಯಂ ಟ್ರೈಪಾಲಿಫಾಸ್ಫೇಟ್. ಇದರ ಋಣ ಆವೇಶ ಕೈಟೋಸಾನ್‌ನ ಧನ ಆವೇಶವನ್ನು ಹಿಡಿಯುತ್ತದೆ, ಅಷ್ಟೇ. ಅದು ಅಷ್ಟು ಗಟ್ಟಿ ಗಂಟಲ್ಲ, ಸಾಕಷ್ಟು ಆಮ್ಲ ತಾಗಿದರೆ ಬಿಚ್ಚಿಕೊಳ್ಳುತ್ತದೆ. ನಮಗೆ ಬೇಕಾದದ್ದೂ ಅದೇ.

ಅದರ ಮೇಲೆ ತೆಳುವಾಗಿ ಮೈಕ್ರೋಕ್ರಿಸ್ಟಲಿನ್ ಮೇಣ. ಮ್ಯೂಸಿಯಂಗಳಲ್ಲಿ ಕಂಚಿನ ಮೂರ್ತಿಗಳಿಗೆ ಹಚ್ಚುವುದು ಇದನ್ನೇ. ಮೇಣ ನೀರನ್ನು ತಡೆಯುತ್ತದೆ, ಕೈಟೋಸಾನ್ ಆಮ್ಲಜನಕ ಮತ್ತು ಎಣ್ಣೆಯನ್ನು ತಡೆಯುತ್ತದೆ. ಬೆಂಜೋಟ್ರಯಜೋಲ್ ಸೇರಿಸಿದ ಚೂರುಗಳು ಇನ್ನೂ ಚೆನ್ನಾಗಿ ಉಳಿದವು, ಅದು ನಿಜ. ಆದರೆ ಕಂಬವನ್ನು ಮಕ್ಕಳೂ ಮುಟ್ಟಿ ಅದೇ ಕೈಯಲ್ಲಿ ಇಡ್ಲಿ ತಿನ್ನುತ್ತಾರೆ. ಅದಕ್ಕೇ ಕಂಬಗಳಿಗೆ ಅದನ್ನು ಬಿಟ್ಟೆವು, ಕೈಗೆ ಎಟುಕದ ತೂಗುದೀಪದ ಸರಪಳಿಗೆ ಮಾತ್ರ ಹಾಕಿದೆವು.

ದೀಪ ಉರಿಯುವ ತಟ್ಟೆಗೆ ಏನೂ ಹಚ್ಚಲಿಲ್ಲ. ಮೇಣ ಬಿಸಿಗೆ ಕರಗುತ್ತದೆ, ಕೈಟೋಸಾನ್ ಕಂದಾಗುತ್ತದೆ, ಬತ್ತಿಯ ಹತ್ತಿರ ಯಾವ ಲೇಪನವೂ ಇರಬಾರದು. ಭಟ್ರಿಗೆ ಇದು ಮೊದಲು ಒಪ್ಪಿಗೆಯಾಗಲಿಲ್ಲ, ಕಣ್ಣಿಗೆ ಮೊದಲು ಬೀಳುವುದೇ ತಟ್ಟೆ ಅಲ್ವಾ ಅಂದರು. ಅದು ಸಣ್ಣದು, ಬಿಡಿಸಿ ತಿಕ್ಕಲು ಸುಲಭ, ಅದರಲ್ಲಿ ಕೆತ್ತನೆಯೂ ಇಲ್ಲ ಅಂದಾಗ ಒಪ್ಪಿದರು.

ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ನೋಡಿದ್ದು ಹೀಗಿದೆ. ಕಂಬದ ನಡುಭಾಗ ಮತ್ತು ಗಂಟುಗಳು ಚಿನ್ನದ ಬಣ್ಣ ಉಳಿಸಿಕೊಂಡಿವೆ, ಸಂದಿಗಳಲ್ಲಿ ಹಸಿರಿಲ್ಲ. ಎಣ್ಣೆಯ ಕಲೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಪಾದದ ಭಾಗದಲ್ಲಿ, ಜನ ಮುಟ್ಟಿ ನಮಸ್ಕರಿಸುವ ಜಾಗದಲ್ಲಿ, ಮೇಣ ಸವೆದು ಹೋಗಿ ತೇಪೆ ತೇಪೆಯಾಗಿ ಕಂದು ಬಂದಿದೆ. ಬಲಗಡೆಯ ಕಂಬದ ಪಾದಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದ. ಹುಣಸೆ ಆಮ್ಲ, ಕೈಟೋಸಾನ್ ಕರಗಿ ಹೋಯಿತು. ಭಟ್ರು ಅವನ ಮೇಲೆ ರೇಗಿದ್ದರು. ನಾನು ನೋಡಿದ್ದು ಬೇರೆ: ಲೇಪನ ಹೋದ ಜಾಗಕ್ಕೂ ಉಳಿದ ಜಾಗಕ್ಕೂ ನಡುವಿನ ಗೆರೆಯಲ್ಲಿ ಅಡಿಗೆ ನುಗ್ಗಿದ ಕಪ್ಪು ಹಾದಿಗಳು ಇರಲಿಲ್ಲ. ಲ್ಯಾಕರ್‌ನಲ್ಲಿ ಆಗುವಂತೆ ಪೂರ್ತಿ ಕಂಬವನ್ನು ಬಿಡಿಸಬೇಕಾಗಿ ಬರಲಿಲ್ಲ, ಪಾದದ ತುಂಡೊಂದನ್ನೇ ಬಿಚ್ಚಿ ಮತ್ತೆ ಮಾಡಿದೆವು.

ತೆಗೆಯುವ ಕೆಲಸವನ್ನು ಕಾಕಾ ಹೋಟೆಲಿನಲ್ಲೇ ಮಾಡಿದರು. ಮೇಣವನ್ನು ಸೋಪು ಹಾಕಿದ ಬಿಸಿನೀರಿನಿಂದ ತೆಗೆದು, ಬೆಚ್ಚಗಿನ ವಿನೆಗರ್ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಪದರ ಮೆತ್ತಗಾಗಿ ಒರೆಸಿದಾಗ ಬಂದುಬಿಡುತ್ತದೆ, ಆಮೇಲೆ ಚೆನ್ನಾಗಿ ತೊಳೆಯಬೇಕು. ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡರೂ ಉಪ್ಪಿನಕಾಯಿಯ ವಾಸನೆ ಬಿಟ್ಟು ಇನ್ನೇನಿಲ್ಲ. "ಇದಾದ್ರ ನಮ್ಮ ಹುಡುಗೂರ್ ಕೈಲಿಂದನೂ ಮಾಡಸ್ಬಹುದ್ರಿ" ಅಂದರು.

ಹೊರಗೋಡೆಯ ಹೆಸರುಫಲಕಕ್ಕೆ ನಾನು ಕೈಟೋಸಾನ್ ಬೇಡ ಅಂದೆ. ನೇರವಾಗಿ ಮಳೆ ಹೊಡೆಯುವ ಜಾಗ, ಫಲಕದ ಕೆಳಗೆ ತೂಗುಹಾಕಿದ್ದ ಚೂರುಗಳಲ್ಲಿ ಮೇಣವಿದ್ದವೂ ಕಂದಾಗಿದ್ದವು. ಅಲ್ಲಿಗೆ ಒಳ್ಳೆಯ ಲ್ಯಾಕರೇ ಸರಿ, ಅದನ್ನು ಬಿಚ್ಚಿ ತೆಗೆದುಕೊಂಡು ಹೋಗಿ ಗಾಳಿಯಾಡುವ ವರ್ಕ್‌ಶಾಪಿನಲ್ಲಿ ಹೊಡೆಸಿ, ಹೋಟೆಲಿನೊಳಗೆ ಬೇಡ ಅಂತ ಹೇಳಿದೆ. ಭಟ್ರು ಹಾಗೇ ಮಾಡಿಸಿದರು. ಕಂಬಗಳ ಪಾದಕ್ಕೆ ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಹೊಸ ಪದರ ಮತ್ತು ಮೇಣ. ನಡುಭಾಗಕ್ಕೆ ಮೇಣ ಮಾತ್ರ, ಅದೂ ನೀರು ಹನಿಯಾಗಿ ನಿಲ್ಲದೆ ಹರಡತೊಡಗಿದಾಗ. ಗಲ್ಲಾದ ಹಿಂದೆ ಕನ್ನಡದಲ್ಲೂ ಹಿಂದಿಯಲ್ಲೂ ಒಂದು ಚೀಟಿ ಅಂಟಿಸಿದ್ದಾರೆ: ಕಂಬಕ್ಕೆ ಹುಣಸೆ, ನಿಂಬೆ ತಾಗಿಸಬೇಡಿ, ಒಣಬಟ್ಟೆ ಸಾಕು.